ಅಲಿ ಈಗಿದ್ದಿದ್ರೆ ಫ್ಯೂರಿನ ಹೊಡೀತಿದ್ನಾ? ಹೆವಿವೇಟ್ ಹೋಲಿಕೆ ಬಗ್ಗೆ ಒಂದಿಷ್ಟು ಮಾತು

ಮುಹಮ್ಮದ್ ಅಲಿ ಥರದ ಹಳೇ ಬಾಕ್ಸಿಂಗ್ ಚಾಂಪಿಯನ್ ಈ ಕಾಲದ ಟೈಸನ್ ಫ್ಯೂರಿ ಥರದವನನ್ನ ಹೊಡೀತಿದ್ನಾ ಅನ್ನೋ ಪ್ರಶ್ನೆನ ಕಂಪ್ಯೂಟರ್‌ಗೆ ಕೇಳೋದು ಈಗ ಶುರುವಾಗಿದ್ದಲ್ಲ, 1967ರಲ್ಲೇ ಕೇಳಿದ್ರು. ಅಮೆರಿಕದಲ್ಲಿ ಮರ್ರಿ ವೊರೋನರ್ ಅಂತ ಒಬ್ಬ ರೇಡಿಯೋ ನಿರ್ಮಾಪಕ, ಹಳೇ ಹೊಸ ಹೆವಿವೇಟ್ (ಎಲ್ಲಕ್ಕಿಂತ ಭಾರದ ವರ್ಗ) ಚಾಂಪಿಯನ್‌ಗಳ ಲೆಕ್ಕಾಚಾರ ಎಲ್ಲಾ ಕಂಪ್ಯೂಟರ್‌ಗೆ ತುಂಬಿಸಿ, ಅದು ಕೊಟ್ಟ ರಿಸಲ್ಟ್ ಇಟ್ಕೊಂಡು ನಿಜವಾದ ಮ್ಯಾಚ್ ಥರಾನೇ ಕಾಮೆಂಟರಿ ಮಾಡಿಸಿ ರೇಡಿಯೋದಲ್ಲಿ ಬಿಟ್ಟ. ಅದ್ರಲ್ಲಿ ಮುಹಮ್ಮದ್ ಅಲಿ ಯಾರಿಗೆ ಸೋತ ಗೊತ್ತಾ? ಜಿಮ್ ಜೆಫ್ರೀಸ್‌ಗೆ, 1899ರಲ್ಲಿ ಚಾಂಪಿಯನ್ ಆದವನು. ಅಲಿಗೆ ಎಷ್ಟು ಸಿಟ್ಟು ಬಂತು ಅಂದ್ರೆ ಮಾನನಷ್ಟ ಅಂತ 10 ಲಕ್ಷ ಡಾಲರ್ ಕೇಸ್ ಹಾಕ್ಬಿಟ್ಟ. ಕೊನೆಗೆ ರಾಜಿ ಆಗಿದ್ದು ಹೇಗಂದ್ರೆ, 1969ರಲ್ಲಿ ಅಲಿ ಮತ್ತು 50ರ ದಶಕದ ಚಾಂಪಿಯನ್ ರಾಕಿ ಮಾರ್ಸಿಯಾನೊ ಇಬ್ರನ್ನೂ ಸ್ಟುಡಿಯೋದಲ್ಲಿ ರಿಂಗಿಗೆ ಇಳಿಸಿ ಒಂದು ಸುಳ್ಳು ಫೈಟ್ ಶೂಟ್ ಮಾಡಿದ್ರು. ಮಾರ್ಸಿಯಾನೊಗೆ ಆಗ 45 ವರ್ಷ, ರಿಟೈರ್ ಆಗಿ 13 ವರ್ಷ ಆಗಿತ್ತು, ತಲೆಗೆ ವಿಗ್ ಬೇರೆ. ಬೇರೆ ಬೇರೆ ಎಂಡಿಂಗ್ ಶೂಟ್ ಮಾಡಿಟ್ಕೊಂಡಿದ್ರು, ಯಾವ್ದನ್ನ ತೋರಿಸ್ತಾರೆ ಅಂತ ಇವ್ರಿಬ್ರಿಗೂ ಗೊತ್ತಿರ್ಲಿಲ್ಲ. 1970ರ ಜನವರಿಲಿ ಅಮೆರಿಕದ ಥಿಯೇಟರ್‌ಗಳಲ್ಲಿ ತೋರಿಸಿದಾಗ 13ನೇ ರೌಂಡಲ್ಲಿ ಮಾರ್ಸಿಯಾನೊ ನಾಕೌಟ್ ಮಾಡಿ ಗೆದ್ದಿದ್ದ. ಪಾಪ ಅದನ್ನ ನೋಡಕ್ಕೆ ಅವನೇ ಇರ್ಲಿಲ್ಲ, 1969ರ ಆಗಸ್ಟಲ್ಲಿ ವಿಮಾನ ಅಪಘಾತದಲ್ಲಿ ಹೋಗ್ಬಿಟ್ಟಿದ್ದ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಆ ಕಂಪ್ಯೂಟರ್ ಏನು ಮಾಡ್ತೋ ನಾವೂ ಅದನ್ನೇ ಮಾಡ್ತೀವಿ. ಎತ್ತರ, ತೂಕ, ರೀಚು (ಎರಡೂ ಕೈ ಚಾಚಿದಾಗಿನ ಉದ್ದ), ನಾಕೌಟ್ ಎಷ್ಟು, ಸೋಲೆಷ್ಟು ಅಂತ ನಂಬರ್ ಜೋಡಿಸ್ತೀವಿ, ಆಮೇಲೆ ನಮ್ ಮನಸ್ಸಲ್ಲಿ ಮೊದಲೇ ಯಾರು ಗೆದ್ದಿದ್ನೋ ಅವನನ್ನೇ ಗೆಲ್ಲಿಸ್ತೀವಿ. ಈಗಿನ ವಾದದಲ್ಲಿ ಎಲ್ಲಕ್ಕಿಂತ ಜೋರಾಗಿರೋದು ಸೈಜಿನ ವಾದ. ಟೈಸನ್ ಫ್ಯೂರಿ 6 ಅಡಿ 9 ಇಂಚು, ರೀಚ್ 85 ಇಂಚು, ಮೈಯಲ್ಲಿ ಒಂದ್ ಗ್ರಾಂ ಜಾಸ್ತಿ ಇದ್ದಾಗಂತೂ 270 ಪೌಂಡ್ ಮೇಲೆ. ಮಾರ್ಸಿಯಾನೊ 6 ಅಡಿನೂ ಇಲ್ಲ, 185 ಪೌಂಡ್ ಚಿಲ್ಲರೆ, ರೀಚ್ 68 ಇಂಚು ದಾಟಲ್ಲ. ಇವ್ರಿಬ್ರನ್ನ ಪಕ್ಕಪಕ್ಕ ನಿಲ್ಲಿಸಿ ಫೋಟೋ ಮಾಡಿ, ನೋಡಿ, ಮುಗೀತು ಅಂತಾರೆ. ನನ್ನ ತಕರಾರು ಇಲ್ಲಿಂದಾನೇ ಶುರು. ಸೈಜ್ ಅನ್ನೋದು ಬೇರೆ, ಕಾಲ ಅನ್ನೋದು ಬೇರೆ, ನಾವು ಎರಡನ್ನೂ ಕಲಸಿಬಿಟ್ಟಿದೀವಿ.

ದೈತ್ಯರು ಹಿಂದೆ ಇರ್ಲಿಲ್ವಾ? 1919ರ ಜುಲೈ 4, ಒಹಾಯೋದ ಟೊಲೀಡೊ. ಚಾಂಪಿಯನ್ ಜೆಸ್ ವಿಲ್ಲರ್ಡ್ 6 ಅಡಿ 6 ಇಂಚಿಗಿಂತ ಸ್ವಲ್ಪ ಮೇಲೆ, 245 ಪೌಂಡ್. ಎದುರಿಗೆ ಜ್ಯಾಕ್ ಡೆಂಪ್ಸಿ 187 ಪೌಂಡ್. ಮೊದಲ ರೌಂಡಲ್ಲೇ ವಿಲ್ಲರ್ಡ್ ಏಳು ಸಲ ಕೆಳಗೆ ಬಿದ್ದ, ಮೂರು ರೌಂಡ್ ಆದ್ಮೇಲೆ ಸ್ಟೂಲ್ ಬಿಟ್ಟು ಏಳಲೇ ಇಲ್ಲ. ಪ್ರೀಮೊ ಕಾರ್ನೆರಾ 260 ಪೌಂಡ್ ಇದ್ದ, 200 ಪೌಂಡ್ ಆಸುಪಾಸಿನ ಜೋ ಲೂಯಿಸ್ 1935ರಲ್ಲಿ ಆರು ರೌಂಡಲ್ಲಿ ಮುಗಿಸಿದ. ಬಡ್ಡಿ ಬೇರ್ 250 ಪೌಂಡ್, ಅದೇ ಲೂಯಿಸ್‌ಗೆ 1942ರಲ್ಲಿ ಒಂದೇ ರೌಂಡು ಸಾಕಾಯ್ತು. ಹಾಗಂತ ಡೆಂಪ್ಸಿ ಬಂದು ಫ್ಯೂರಿನೂ ಹಿಂಗೇ ಹೊಡೀತಿದ್ದ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಅರ್ಥ ಮಾಡ್ಕೋಬೇಡಿ. ವಿಲ್ಲರ್ಡ್‌ಗೆ 37 ವರ್ಷ, ಪ್ರಾಕ್ಟೀಸ್ ಬಿಟ್ಟು ಕಾಲ ಆಗಿತ್ತು. ಜೊತೆಗೆ ಆಗ ಕೆಡವಿದವನು ದೂರದ ಮೂಲೆಗೆ ಹೋಗಿ ನಿಲ್ಬೇಕು ಅನ್ನೋ ನ್ಯೂಟ್ರಲ್ ಕಾರ್ನರ್ ರೂಲ್ ಇರ್ಲಿಲ್ಲ, ಬಿದ್ದವನು ಏಳ್ತಿದ್ದ ಹಾಗೇ ಪಕ್ಕದಲ್ಲೇ ನಿಂತಿದ್ದ ಡೆಂಪ್ಸಿ ಮತ್ತೆ ಗುದ್ದಬಹುದಿತ್ತು, ಗುದ್ದಿದ. ಮಜಾ ಏನಂದ್ರೆ ಎಂಟು ವರ್ಷ ಆದ್ಮೇಲೆ ಶಿಕಾಗೋದಲ್ಲಿ ಆಗಿನ ಚಾಂಪಿಯನ್ ಜೀನ್ ಟನ್ನಿನ ಕೆಡವಿದಾಗ ಹೊಸ ರೂಲ್ ಬಂದಿತ್ತು, ಡೆಂಪ್ಸಿ ಹಳೇ ಅಭ್ಯಾಸದಲ್ಲಿ ಅಲ್ಲೇ ನಿಂತ, ಕಾರ್ನರ್‌ಗೆ ಹೋಗೋವರೆಗೂ ರೆಫ್ರಿ ಹತ್ತರವರೆಗೆ ಎಣಿಸೋದೇ ಶುರು ಮಾಡ್ಲಿಲ್ಲ, ಟನ್ನಿಗೆ ಸುಮಾರು 14 ಸೆಕೆಂಡ್ ಸಿಕ್ತು, ಎದ್ದ, ಗೆದ್ದ. ರೂಲ್ ಬದಲಾದ್ರೆ ಚಾಂಪಿಯನ್ನೇ ಬದಲಾಗ್ತಾನೆ, ಇದಕ್ಕೆ ಆಮೇಲೆ ಬರ್ತೀನಿ.

ನಾನು ಹೇಳ್ತಿರೋದು ಇಷ್ಟು. ಕಾರ್ನೆರಾ, ವಿಲ್ಲರ್ಡ್ ಇವ್ರೆಲ್ಲ ದೊಡ್ಡೋರು, ಆದ್ರೆ ಆ ದೊಡ್ಡ ಮೈನ ಬಳಸೋದು ಗೊತ್ತಿರ್ಲಿಲ್ಲ. 90ರ ದಶಕದಿಂದ ಈಚೆಗೆ ಲೆನಾಕ್ಸ್ ಲೂಯಿಸ್, ಯುಕ್ರೇನಿನ ಕ್ಲಿಚ್ಕೊ ಬ್ರದರ್ಸ್, ಫ್ಯೂರಿ ಬಂದು ಮಾಡಿದ ನಿಜವಾದ ಬದಲಾವಣೆ ಇದು. ವ್ಲಾದಿಮಿರ್ ಕ್ಲಿಚ್ಕೊ 6 ಅಡಿ 6 ಇಂಚು, ಜ್ಯಾಬ್ (ಮುಂದಿನ ಕೈಯಿಂದ ನೇರ ಗುದ್ದು) ಹಾಕ್ತಾನೆ, ಎದುರಾಳಿ ಒಳಗೆ ನುಗ್ಗಿದ್ರೆ ಕುತ್ತಿಗೆ ಮೇಲೆ ಭಾರ ಬಿಟ್ಟು ಅಪ್ಪಿ ಹಿಡಿದು ಕ್ಲಿಂಚ್ ಮಾಡ್ತಾನೆ, ಬಿಡಿಸಿದ್ರೆ ಮತ್ತೆ ಜ್ಯಾಬ್. ನೋಡಕ್ಕೆ ಬೋರು, ನಿಜ ಹೇಳ್ಬೇಕಂದ್ರೆ ನನಗೆ ಎಷ್ಟೋ ಸಲ ನಿದ್ದೆ ಬಂದಿದೆ, ಆದ್ರೆ 2006ರಿಂದ 2015ರವರೆಗೆ ಅವನನ್ನ ಯಾರೂ ಅಲ್ಲಾಡಿಸಕ್ಕಾಗ್ಲಿಲ್ಲ. ಎತ್ತರ ಇದ್ದು, ಅದ್ರ ಜೊತೆ ಒಲಿಂಪಿಕ್ ಲೆವೆಲ್ ಪಾಠನೂ ಇದ್ದವನು ಹಿಂದೆ ಅಪರೂಪ.

ಹಾಗಾದ್ರೆ 6 ಅಡಿ 3 ಇಂಚಿನ ಅಲಿ ಇವರ ಮುಂದೆ ಏನು ಮಾಡ್ತಿದ್ದ ಅಂತ ಬರೀ ಊಹೆ ಮಾಡ್ತಾ ಕೂತಿದ್ವಿ ಇಷ್ಟು ವರ್ಷ. 2024ರಲ್ಲಿ ಆ ಊಹೆಗೆ ಒಂದು ಉತ್ತರ ಸಿಕ್ತು. ಯುಕ್ರೇನಿನ ಒಲೆಕ್ಸಾಂಡರ್ ಉಸಿಕ್ ಎತ್ತರ ಎಷ್ಟು? 6 ಅಡಿ 3 ಇಂಚು. ರೀಚ್? 78 ಇಂಚು. ಅಲಿದೂ ಅಷ್ಟೇ, 6 ಅಡಿ 3, 78 ಇಂಚು. ಕಿನ್ಶಾಸಾದಲ್ಲಿ 1974ರಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್ಮನ್ ಮೇಲೆ ಅಲಿ ಇಳಿದಾಗ ತೂಕ 216 ಪೌಂಡ್ ಚಿಲ್ಲರೆ, ರಿಯಾದ್‌ನಲ್ಲಿ ಫ್ಯೂರಿ ಮೇಲೆ ಉಸಿಕ್ ಇಳಿದಾಗ 223 ಚಿಲ್ಲರೆ. ಏಳು ಪೌಂಡ್ ವ್ಯತ್ಯಾಸ ಅಷ್ಟೇ ಸ್ವಾಮಿ. ಆ ಮನುಷ್ಯ 2024ರ ಮೇ ತಿಂಗಳಲ್ಲಿ 262 ಪೌಂಡಿನ ಫ್ಯೂರಿನ ಸ್ಪ್ಲಿಟ್ ಡಿಸಿಷನ್‌ನಲ್ಲಿ (ಮೂವರು ಜಡ್ಜ್‌ಗಳಲ್ಲಿ ಇಬ್ಬರು ಇವನ ಕಡೆ) ಸೋಲಿಸಿದ, 9ನೇ ರೌಂಡಲ್ಲಿ ಫ್ಯೂರಿ ಹಗ್ಗಕ್ಕೆ ಒರಗಿ ಒರಗಿ ಉಳ್ಕೊಂಡ, ಡಿಸೆಂಬರಲ್ಲಿ ಮತ್ತೆ ಆಡಿ ಮೂರೂ ಜಡ್ಜ್‌ಗಳ ಹತ್ರ 116-112 ತಗೊಂಡ. ಆಂಥೋನಿ ಜೋಶುವಾ ಮೇಲೆ ಎರಡು ಸಲ, ಡೇನಿಯಲ್ ಡುಬೊವಾ ಮೇಲೆ ಎರಡು ಸಲ ಗೆದ್ದಿದ್ದು ಬೇರೆ. ಅಂದ್ರೆ ಅಲಿ ಸೈಜಿನವನಿಗೆ ಈ ಕಾಲದಲ್ಲಿ ಜಾಗ ಇಲ್ಲ ಅನ್ನೋ ವಾದ ಬಿದ್ದುಹೋಯ್ತು. ಇನ್ನೊಂದು ಸೇರಿಸ್ತೀನಿ, ಈ ಕಾಲದ ಅತಿ ಜೋರು ಪಂಚ್ ಯಾರ್ದು ಅಂದ್ರೆ ಎಲ್ರೂ ಡಿಯಾಂಟೆ ವೈಲ್ಡರ್ ಅಂತಾರೆ, 2018ರಲ್ಲಿ ಫ್ಯೂರಿನ ಎರಡು ಸಲ ಕೆಡವಿದ. ಆ ದಿನ ಅವನ ತೂಕ 212 ಪೌಂಡ್ ಚಿಲ್ಲರೆ, ಕಿನ್ಶಾಸಾದ ಅಲಿಗಿಂತ ಕಮ್ಮಿ!

ಆದ್ರೆ ಇದನ್ನೇ ಎಳ್ಕೊಂಡು ಹೋಗಿ ಮಾರ್ಸಿಯಾನೊ, ಡೆಂಪ್ಸಿವರೆಗೂ ಹಚ್ಚಕ್ಕೆ ಹೋಗ್ಬೇಡಿ. 2013ರಲ್ಲಿ ನ್ಯೂಯಾರ್ಕಲ್ಲಿ ಸ್ಟೀವ್ ಕನಿಂಗ್‌ಹ್ಯಾಮ್ ಅಂತ, ಹಿಂದೆ ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಕ್ರೂಸರ್‌ವೇಟ್ ಚಾಂಪಿಯನ್ ಆಗಿದ್ದವನು, 210 ಪೌಂಡ್, ಎರಡನೇ ರೌಂಡಲ್ಲಿ ಒಂದು ರೈಟ್ ಹಾಕಿ ಫ್ಯೂರಿನ ಉದ್ದಕ್ಕೆ ಮಲಗಿಸಿದ. ಆಮೇಲೇನಾಯ್ತು? ಫ್ಯೂರಿ ಎದ್ದ, ಅವನ ಮೇಲೆ ಒರಗ್ತಾ ಒರಗ್ತಾ ಭಾರ ಹಾಕಿ ಸುಸ್ತು ಮಾಡಿ ಏಳನೇ ರೌಂಡಲ್ಲಿ ಮುಗಿಸಿದ. ಆ 40-50 ಪೌಂಡ್ ಬರೀ ಗುದ್ದಕ್ಕಲ್ಲ ಬಳಕೆ ಆಗೋದು, ಎದುರಿನವನ ಕಾಲಿನ ಶಕ್ತಿ ಹೀರಕ್ಕೆ. ಮಾರ್ಸಿಯಾನೊ ಕನಿಂಗ್‌ಹ್ಯಾಮ್‌ಗಿಂತಲೂ 25 ಪೌಂಡ್ ಕಮ್ಮಿ, ಅವನ ಆಟನೇ ಒಳಗೆ ನುಗ್ಗಿ ಮೈಗೆ ಮೈ ತಾಗಿಸಿ ಹೊಡೆಯೋದು. ಇವತ್ತಿನ ಲೆಕ್ಕದಲ್ಲಿ ಅವನು ಹೆವಿವೇಟೇ ಅಲ್ಲ. ಕ್ರೂಸರ್‌ವೇಟ್ ಅನ್ನೋ ಕ್ಲಾಸನ್ನ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್, ಅಂದ್ರೆ ಡಬ್ಲ್ಯೂಬಿಸಿಯವರು 1979ರಲ್ಲಿ ಶುರು ಮಾಡಿದ್ದು, ಈಗ ಅದ್ರ ಮಿತಿ 200 ಪೌಂಡ್. ಡೆಂಪ್ಸಿ, ಟನ್ನಿ, ಮಾರ್ಸಿಯಾನೊ, ಫ್ಲಾಯ್ಡ್ ಪ್ಯಾಟರ್ಸನ್ ಎಲ್ರೂ ಅಲ್ಲಿ ಬರ್ತಾರೆ, ಜೋ ಲೂಯಿಸ್ ಗಡಿ ಮೇಲೆ ನಿಲ್ತಾನೆ. ಅಲ್ಲಿ ಅವ್ರು ಇವತ್ತಿಗೂ ಯಾರಿಗೂ ಕಮ್ಮಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ರೂಲ್‌ಗೆ ಬರೋಣ, ಯಾಕಂದ್ರೆ ಹೋಲಿಕೆ ಮಾಡೋರು ಇದನ್ನ ಪೂರ್ತಿ ಮರೀತಾರೆ. ಟೈಟಲ್ ಫೈಟ್ ಅಂದ್ರೆ 15 ರೌಂಡ್ ಇರ್ತಿತ್ತು. 1982ರ ನವೆಂಬರಲ್ಲಿ ಲೈಟ್‌ವೇಟ್ ಫೈಟಲ್ಲಿ ಕೊರಿಯಾದ ಕಿಮ್ ಡುಕ್ ಕೂ 14ನೇ ರೌಂಡಲ್ಲಿ ನಾಕೌಟ್ ಆಗಿ, ಕೆಲವೇ ದಿನಕ್ಕೆ ತೀರ್ಕೊಂಡ, ಅದಾದ್ಮೇಲೆ ಡಬ್ಲ್ಯೂಬಿಸಿ 12ಕ್ಕೆ ಇಳಿಸ್ತು, ಉಳಿದೋರೂ ಒಬ್ಬೊಬ್ರಾಗಿ ಇಳಿಸಿದ್ರು. ಒಳ್ಳೇದೇ ಆಯ್ತು, ಆದ್ರೆ ಹಿಂದಿನ ರೆಕಾರ್ಡ್‌ಗಳನ್ನ 12 ರೌಂಡಿಗೆ ನಿಲ್ಲಿಸಿ ನೋಡಿ ಒಂದ್ಸಲ. 1952ರ ಸೆಪ್ಟೆಂಬರ್, ಫಿಲಡೆಲ್ಫಿಯಾ, ಮಾರ್ಸಿಯಾನೊ ಜೆರ್ಸಿ ಜೋ ವಾಲ್ಕಾಟ್‌ನ ಟೈಟಲ್‌ಗೆ ಇಳಿದಿದಾನೆ. ಮೊದಲ ರೌಂಡಲ್ಲೇ ಕೆಳಗೆ ಬಿದ್ದ, 12 ರೌಂಡ್ ಮುಗಿದಾಗ ಮೂರೂ ಸ್ಕೋರ್ ಕಾರ್ಡಲ್ಲಿ ಹಿಂದೆ. 13ನೇ ರೌಂಡಲ್ಲಿ ಒಂದು ಸಣ್ಣ ರೈಟು, ಇಷ್ಟೇ ದೂರದಿಂದ ಬಂತು, ವಾಲ್ಕಾಟ್ ಹಗ್ಗದ ಮೇಲೆ ಕುಸಿದು ಹೋದ. 12 ರೌಂಡಿನ ಫೈಟ್ ಆಗಿದ್ದಿದ್ರೆ 49 ಗೆಲುವು, ಸೋಲೇ ಇಲ್ಲ, 49-0 ಅನ್ನೋ ಅವನ ರೆಕಾರ್ಡೇ ಇರ್ತಿರ್ಲಿಲ್ಲ, ಆ ದಿನ ಅವನು ಪಾಯಿಂಟ್ಸಲ್ಲಿ ಸೋತವನು! ಜೋ ಲೂಯಿಸ್‌ದೂ ಅದೇ ಕಥೆ. 1941ರ ಜೂನಲ್ಲಿ ಬಿಲ್ಲಿ ಕಾನ್, ಲೈಟ್ ಹೆವಿವೇಟಿಂದ ಬಂದವನು, 12 ರೌಂಡ್ ಆದ್ಮೇಲೆ ಎರಡು ಕಾರ್ಡಲ್ಲಿ ಮುಂದೆ, ಒಂದ್ರಲ್ಲಿ ಸಮ. ಹಾಗೇ ಸುತ್ತಾಡ್ಕೊಂಡು ಇದ್ದಿದ್ರೆ ಸಾಕಿತ್ತು, 13ರಲ್ಲಿ ನಾಕೌಟ್ ಮಾಡ್ತೀನಿ ಅಂತ ಎದುರು ನಿಂತು ಹೊಡೆದಾಡಕ್ಕೆ ಹೋದ, ರೌಂಡ್ ಮುಗಿಯಕ್ಕೆ ಎರಡು ಸೆಕೆಂಡ್ ಇದ್ದಾಗ ಔಟ್. ಲೂಯಿಸ್‌ನ 25 ಟೈಟಲ್ ಡಿಫೆನ್ಸಲ್ಲಿ (ಪಟ್ಟ ಉಳಿಸ್ಕೊಂಡ ಫೈಟ್) ಅದೂ ಒಂದು. ಇವ್ರೆಲ್ಲ ಲಕ್ಕಿ ಅಂತ ನಾನು ಹೇಳ್ತಿಲ್ಲ. 15 ರೌಂಡ್ ಇದೆ ಅಂತ ಗೊತ್ತಿದ್ದೇ ಅವ್ರು ಹಾಗೆ ಆಡ್ತಿದ್ರು, ಮೊದಲ ಹತ್ತು ರೌಂಡು ಕೊಟ್ರೂ ಪರ್ವಾಗಿಲ್ಲ ಕೊನೇಲಿ ಹಿಡೀತೀನಿ ಅನ್ನೋ ಲೆಕ್ಕ. ಈಗಿನ 270 ಪೌಂಡಿನವರನ್ನ 13, 14, 15ನೇ ರೌಂಡಿಗೆ ಕರ್ಕೊಂಡು ಹೋದ್ರೆ ಏನಾಗುತ್ತೆ? ಆ ತೂಕನೇ ಆಗ ಭಾರ ಆಗುತ್ತೆ.

ಗ್ಲೌಸ್ ಬಗ್ಗೆ ಹೆಚ್ಚು ಹೇಳಲ್ಲ, ಈಗ ಹೆವಿವೇಟ್‌ಗೆ 10 ಔನ್ಸ್, ಅಲಿ, ಅವನ ಎದುರಾಳಿ ಜೋ ಫ್ರೇಜಿಯರ್ ಕಾಲದಲ್ಲಿ 8, ಡೆಂಪ್ಸಿ ಕಾಲದಲ್ಲಿ ಇನ್ನೂ ತೆಳು.

ಇನ್ನು ಹೋಲಿಕೆಗೆ ಬೇರೆ ದಾರಿ ಇದ್ಯಾ ಅಂತ ಕೇಳಿದ್ರೆ, ನನಗೆ ಇಷ್ಟವಾದ ಒಂದು ದಾರಿ ಇದೆ. ಎರಡು ಕಾಲದಲ್ಲಿ ಕಾಲಿಟ್ಟವರನ್ನ ಹುಡುಕಿ. ಡೆಂಪ್ಸಿಯಿಂದ ಉಸಿಕ್‌ವರೆಗೂ ಒಂದು ಸರಪಳಿ ಕಟ್ಟಬಹುದು, ಮಧ್ಯೆ ಒಂದು ಕೊಂಡಿನೂ ತಪ್ಪಲ್ಲ, ಎಲ್ಲಾ ನಿಜವಾಗಿ ನಡೆದ ಫೈಟ್‌ಗಳು. ಡೆಂಪ್ಸಿ 1927ರಲ್ಲಿ ಜ್ಯಾಕ್ ಶಾರ್ಕಿ ಮೇಲೆ ಗೆದ್ದ. ಶಾರ್ಕಿನ 1936ರಲ್ಲಿ ಜೋ ಲೂಯಿಸ್ ಹೊಡೆದ. ಲೂಯಿಸ್‌ನ 1951ರಲ್ಲಿ ಮಾರ್ಸಿಯಾನೊ. ಮಾರ್ಸಿಯಾನೊ ಕೊನೇ ಫೈಟ್ 1955ರಲ್ಲಿ ಆರ್ಚಿ ಮೂರ್ ಜೊತೆ. ಅದೇ ಮೂರ್‌ನ 1962ರಲ್ಲಿ 20 ವರ್ಷದ ಅಲಿ, ಆಗಿನ್ನೂ ಕ್ಯಾಶಿಯಸ್ ಕ್ಲೇ, ನಾಲ್ಕು ರೌಂಡಲ್ಲಿ ಮುಗಿಸಿದ. ಅಲಿನ 1980ರಲ್ಲಿ ಲ್ಯಾರಿ ಹೋಮ್ಸ್. ಹೋಮ್ಸ್ 1992ರಲ್ಲಿ ರೇ ಮರ್ಸರ್ ಜೊತೆ, ಮರ್ಸರ್ 2002ರಲ್ಲಿ ವ್ಲಾದಿಮಿರ್ ಕ್ಲಿಚ್ಕೊ ಜೊತೆ, ಕ್ಲಿಚ್ಕೊ 2015ರಲ್ಲಿ ಫ್ಯೂರಿ ಜೊತೆ, ಫ್ಯೂರಿ 2024ರಲ್ಲಿ ಉಸಿಕ್ ಜೊತೆ. ಹನ್ನೊಂದು ಜನ, ಒಂದು ಶತಮಾನ.

ಆದ್ರೆ ಈ ಸರಪಳಿಲಿ ಒಂದು ಮೋಸ ಇದೆ, ಗಮನಿಸಿದ್ರಾ? ಹೆಚ್ಚು ಕಡೆ ವಯಸ್ಸಾದವನು ಹರೆಯದವನ ಕೈಲಿ ಒದೆ ತಿಂತಿದಾನೆ. ಮಾರ್ಸಿಯಾನೊ ಎದುರು ಬಂದ ಲೂಯಿಸ್‌ಗೆ 37, ಹೋಮ್ಸ್ ಎದುರು ಬಂದ ಅಲಿಗೆ 38, ಫ್ಯೂರಿ ಎದುರು ಬಂದ ಕ್ಲಿಚ್ಕೊಗೆ 39. ಇದನ್ನ ನೋಡಿ ಹೊಸ ಕಾಲ ಮೇಲು ಅಂದ್ಬಿಟ್ರೆ ಅದು ಕಾಲದ ಗೆಲುವಲ್ಲ, ವಯಸ್ಸಿನ ಗೆಲುವು. ಅದಕ್ಕೇ ನಾನು ಉಲ್ಟಾ ಹೋಗಿರೋ ಕೊಂಡಿಗಳನ್ನ ಹುಡುಕ್ತೀನಿ, ಅವು ಕಮ್ಮಿ, ಆದ್ರೆ ಅವುಗಳೇ ಮಾತಾಡೋದು. ರೇ ಮರ್ಸರ್ 1988ರ ಸಿಯೋಲ್ ಒಲಿಂಪಿಕ್ಸ್ ಚಿನ್ನ, ಸೋಲೇ ಕಂಡಿಲ್ಲ, 30 ವರ್ಷ. ಹೋಮ್ಸ್‌ಗೆ 42. ಎಲ್ರೂ ಮುದುಕನಿಗೆ ಇವತ್ತು ಏಟಾಗುತ್ತೆ ಅಂತ ಕೂತಿದ್ರು. ಹೋಮ್ಸ್ ಕಾರ್ನರ್‌ಗೆ ಬೆನ್ನು ಕೊಟ್ಟು ನಿಂತ್ಕೊಂಡು, ಬಂದ ಪಂಚನ್ನೆಲ್ಲ ಜಾರಿಸ್ತಾ, ಮಧ್ಯೆ ಕ್ಯಾಮೆರಾ ಕಡೆ ತಿರುಗಿ ಮಾತಾಡ್ತಾ, 12 ರೌಂಡ್ ಪಾಠ ಮಾಡಿ ಪಾಯಿಂಟ್ಸಲ್ಲಿ ಗೆದ್ದ. ಇದೇ ಮರ್ಸರ್ ನಾಲ್ಕು ವರ್ಷ ಆದ್ಮೇಲೆ ಲೆನಾಕ್ಸ್ ಲೂಯಿಸ್‌ನ ಎಷ್ಟು ಕಾಡಿದ ಅಂದ್ರೆ ಲೆನಾಕ್ಸ್ ಗೆದ್ದಿದ್ದು ಕೂದಲೆಳೆ ಅಂತರದಲ್ಲಿ. ಸ್ಟೈಲ್ ಮೇಲೆ ಹೋಗುತ್ತೆ, ಎ ಬಿನ ಹೊಡೆದ, ಬಿ ಸಿನ ಹೊಡೆದ ಅಂತ ಗಣಿತ ಮಾಡಕ್ಕಾಗಲ್ಲ ಒಪ್ತೀನಿ, ಆದ್ರೂ 70ರ ದಶಕದ ಜ್ಯಾಬು 90ರ ದಶಕದಲ್ಲಿ ತುಕ್ಕು ಹಿಡಿದಿರ್ಲಿಲ್ಲ ಅನ್ನೋದಂತೂ ಗೊತ್ತಾಯ್ತಲ್ಲ. ಜಾರ್ಜ್ ಫೋರ್ಮನ್ ಇನ್ನೊಬ್ಬ. 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಫ್ರೇಜಿಯರ್‌ನ ಆರು ಸಲ ಕೆಡವಿ ಚಾಂಪಿಯನ್ ಆದವನು 1994ರ ನವೆಂಬರಲ್ಲಿ 45ನೇ ವಯಸ್ಸಲ್ಲಿ 26ರ ಮೈಕೆಲ್ ಮೂರರ್‌ನ ಹತ್ತನೇ ರೌಂಡಲ್ಲಿ ಮಲಗಿಸಿ ಮತ್ತೆ ಚಾಂಪಿಯನ್ ಆದ. ಅಷ್ಟೂ ರೌಂಡ್ ಸೋಲ್ತಾನೇ ಇದ್ದ, ಆದ್ರೆ ಸೋತಿದ್ದು ಕಾಲು, ಕೈಯಲ್ಲ.

ಒಬ್ಬೊಬ್ಬ ಚಾಂಪಿಯನ್ ಯಾರ ಮಧ್ಯೆ ಚಾಂಪಿಯನ್ ಆಗಿದ್ದ ಅನ್ನೋದನ್ನೂ ಕೇಳ್ಬೇಕು. 1915ರಲ್ಲಿ ಮೊದಲ ಕಪ್ಪು ಚಾಂಪಿಯನ್ ಜ್ಯಾಕ್ ಜಾನ್ಸನ್ ಟೈಟಲ್ ಕಳ್ಕೊಂಡ್ಮೇಲೆ 1937ರಲ್ಲಿ ಜೋ ಲೂಯಿಸ್‌ಗೆ ಚಾನ್ಸ್ ಸಿಗೋವರೆಗೂ ಒಬ್ಬ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಟೈಟಲ್ ಫೈಟ್ ಕೊಡ್ಲಿಲ್ಲ, 22 ವರ್ಷ! ಹ್ಯಾರಿ ವಿಲ್ಸ್ ಡೆಂಪ್ಸಿಗಾಗಿ ಕಾದು ಕಾದೇ ಮುಗಿದುಹೋದ, ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಒಂದು ಚಾನ್ಸೂ ಸಿಗ್ಲಿಲ್ಲ. ಹಾಗಾಗಿ ಡೆಂಪ್ಸಿನ ಆ ಕಾಲದ ಬೆಸ್ಟ್ ಅಂತ ಬರೆಯೋವಾಗ ನನ್ನ ಕೈ ಸ್ವಲ್ಪ ತಡೆಯುತ್ತೆ. ಆ ಕಡೆ ಸೋವಿಯತ್ ಒಕ್ಕೂಟ, ಕ್ಯೂಬಾದಲ್ಲಿ ಪ್ರೊಫೆಷನಲ್ ಬಾಕ್ಸಿಂಗೇ ಇರ್ಲಿಲ್ಲ. ಕ್ಯೂಬಾದ ತಿಯೋಫಿಲೊ ಸ್ಟೀವನ್ಸನ್ 1972, 76, 80 ಮೂರು ಒಲಿಂಪಿಕ್ಸಲ್ಲೂ ಚಿನ್ನ ಹೊಡೆದ, ಅಲಿ ಜೊತೆ ಆಡ್ಲೇ ಇಲ್ಲ. ಕ್ಲಿಚ್ಕೊಗಳು, ಉಸಿಕ್ ಬಂದಿದ್ದು ಆ ಗೋಡೆ ಬಿದ್ದ ಮೇಲೆ. ಜನ ಬರೋ ಬಾಗಿಲು ಈಗ ದೊಡ್ಡದಾಗಿದೆ, ಇದು ಹೊಸ ಕಾಲದ ಪರವಾಗಿರೋ ಗಟ್ಟಿ ವಾದ, ಎತ್ತರಕ್ಕಿಂತ ಗಟ್ಟಿ. ಆದ್ರೆ ಫೈಟ್ ಕಮ್ಮಿ ಆಗಿದೆ. ಜೋ ಲೂಯಿಸ್ 1940ರ ಡಿಸೆಂಬರಿಂದ 41ರ ಜೂನ್‌ವರೆಗೆ ಏಳು ಟೈಟಲ್ ಡಿಫೆನ್ಸ್ ಮಾಡಿದ, ಅಲಿ 1966ರಲ್ಲಿ ಐದು. ಈಗ ವರ್ಷಕ್ಕೆ ಎರಡು ಆದ್ರೆ ಬಿಜಿ ಚಾಂಪಿಯನ್. ಬೇರೆ ಬೇರೆ ಸಂಸ್ಥೆಗಳ ಬೆಲ್ಟ್ ನಾಲ್ಕು, ಪ್ರೊಮೋಟರ್‌ಗಳ ಜಗಳ ನೂರು, 1999ರಲ್ಲಿ ಲೆನಾಕ್ಸ್ ಒಬ್ಬನೇ ಚಾಂಪಿಯನ್ ಆದ್ಮೇಲೆ ಅಂಥ ಇನ್ನೊಬ್ಬನಿಗೆ 2024ರವರೆಗೂ ಕಾಯ್ಬೇಕಾಯ್ತು.

ಸರಿ, ಇಷ್ಟೆಲ್ಲ ಹೇಳಿ ಯಾರು ಗೆಲ್ತಾರೆ ಅಂತ ಹೇಳ್ದೆ ಹೋದ್ರೆ ನೀವು ಬಿಡಲ್ಲ. 1966ರ ಅಲಿ, ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಮೇಲೆ ಆಡಿದ ಅಲಿ, ಫ್ಯೂರಿ ಎದುರು ಪಾಯಿಂಟ್ಸಲ್ಲಿ ಗೆಲ್ತಾನೆ ಅಂತ ನನ್ನ ನಂಬಿಕೆ. ಸುಲಭ ಅಲ್ಲ. ಅಲಿ ಕೈ ಕೆಳಗಿಟ್ಟು ಹಿಂದಕ್ಕೆ ವಾಲಿ ಪಂಚ್ ತಪ್ಪಿಸ್ಕೊಳ್ತಿದ್ದ, 85 ಇಂಚ್ ರೀಚ್ ಮುಂದೆ ಆ ಚಾಳಿ ಅಪಾಯ, ಮೊದಲ ನಾಲ್ಕು ರೌಂಡಲ್ಲಿ ನಾಲ್ಕೈದು ಸಲ ಮುಖ ಕೆಂಪಗಾಗುತ್ತೆ. ಆದ್ರೆ ಅವನ ಕಾಲು ನಿಲ್ತಿರ್ಲಿಲ್ಲ, ಒರಗಕ್ಕೆ ಸಿಕ್ರೆ ತಾನೇ ಫ್ಯೂರಿ ಒರಗೋದು. ಅಲಿಗೆ ನಿಜವಾದ ತಲೆನೋವು ಉಸಿಕ್. ಎಡಗೈ ಆಟಗಾರ, ಜೊತೆಗೆ ಹೊಟ್ಟೆಗೆ ಹೊಡೀತಾನೆ. 1966ರಲ್ಲೇ ಫ್ರಾಂಕ್‌ಫರ್ಟಲ್ಲಿ ಕಾರ್ಲ್ ಮಿಲ್ಡನ್‌ಬರ್ಗರ್, ಹೆವಿವೇಟ್ ಟೈಟಲ್‌ಗೆ ಆಡಿದ ಮೊದಲ ಸೌತ್‌ಪಾ (ಎಡಗೈಯವನು), ಅಲಿನ 12ನೇ ರೌಂಡ್‌ವರೆಗೂ ಎಳೆದಿದ್ದ, ಅವನು ಉಸಿಕ್‌ನ ಅರ್ಧನೂ ಇರ್ಲಿಲ್ಲ. ಆ ಫೈಟ್‌ಗೆ ನಾನು ದುಡ್ಡು ಹಾಕಲ್ಲ.

ಜೋ ಲೂಯಿಸ್ ವಿಷಯ ಇನ್ನೂ ಮಜಾ. ಅವನ ಪಂಚ್ ಎಷ್ಟು ಚಿಕ್ಕದು ನೋಡಿ, ಹಳೇ ಫಿಲ್ಮ್ ಜರ್ಕ್ ಆಗುತ್ತೆ ಅಂತ ಬಿಡಬೇಡಿ, ನಿಧಾನಕ್ಕೆ ಹಾಕಿ ನೋಡಿ, ಆರು ಇಂಚು ದೂರದಲ್ಲಿ ಮೂರು ಪಂಚ್ ಬಂದು ಹೋಗಿರುತ್ತೆ. ಎದುರು ನೇರವಾಗಿ ನಿಲ್ಲೋ ದೊಡ್ಡ ಮೈಯವರು, ಜೋಶುವಾ, ವೈಲ್ಡರ್ ಥರದವರು, ಅವನಿಗೆ ಹಬ್ಬ. ಆದ್ರೆ ಕಾಲು ನಿಧಾನ, ಸುತ್ತೋರು ಸಿಕ್ರೆ ಒದ್ದಾಡ್ತಿದ್ದ, ಕಾನ್ ತೋರಿಸಿದ, ವಾಲ್ಕಾಟ್ ತೋರಿಸಿದ. ಅಂದ್ರೆ ಅವನನ್ನ ಕಾಡೋದು ಈಗಿನ ದೈತ್ಯರಲ್ಲ, ಮತ್ತೆ ಅದೇ ಉಸಿಕ್. ಉಸಿಕ್‌ಗೆ ಕಾನ್ ಥರ 13ನೇ ರೌಂಡಲ್ಲಿ ಹೀರೋ ಆಗೋ ಆಸೆನೂ ಇಲ್ಲ, ಮುಂದಿದೀನಿ ಅಂತ ಗೊತ್ತಾದ್ರೆ ಸುಮ್ನೆ ಸುತ್ತಾಡ್ಕೊಂಡೇ ಮುಗಿಸ್ತಾನೆ. 15 ರೌಂಡ್ ಆದ್ರೂ ನಾನು ಉಸಿಕ್ ಕಡೆ. ಲೂಯಿಸ್ ಅಭಿಮಾನಿಗಳು ಯಾರಾದ್ರೂ ಇದ್ರೆ ಬೈಬಹುದು, ಮೈಕ್ ಆ ಕಡೆ ಕಳಿಸ್ತೀನಿ.